ಸಹಾಯ ಬೇಕು: ಕಾಫಿ ಪುಡಿ ಅಂಗಡಿಗೆ ವೆಬ್‌ಸೈಟ್, ಎಷ್ಟು ಕೊಡಬಹುದು?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಲ್ಲಿ ನಮ್ಮದೊಂದು ಸಣ್ಣ ಕಾಫಿ ಪುಡಿ ಅಂಗಡಿ. ಹುರಿದ ಬೀಜವನ್ನ ಅಪ್ಪ ಇವತ್ತಿಗೂ ಬೆರಳಲ್ಲಿ ಒಡೆದು, ಮೂಸಿ ನೋಡಿಯೇ ಮಿಷನ್ನಿಗೆ ಹಾಕೋದು. ಮುಳ್ಳಯ್ಯನಗಿರಿ ನೋಡೋಕೆ ಬಂದವರು ಒಂದು ಸಲ ತಗೊಂಡು ಹೋದ್ರೆ ಆಮೇಲೆ ಬೆಂಗಳೂರಿಂದ ವಾಟ್ಸಾಪ್ ಮಾಡ್ತಾರೆ, "ಅರ್ಧ ಕೇಜಿ ಕಳಿಸಿ, ಚಿಕೋರಿ ಬೇಡ" ಅಂತ. ಆ ವಿಳಾಸಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸೋಷ್ಟರಲ್ಲಿ ಅಮ್ಮನಿಗೆ ರಾತ್ರಿ ಹನ್ನೊಂದಾಗುತ್ತೆ. ಅದಕ್ಕೇ ವೆಬ್‌ಸೈಟ್ ಮಾಡಿಸೋಣ ಅಂತ ಹೊರಟಿದ್ದೀನಿ.

ಒಬ್ಬರು 12,000 ಅಂದ್ರು. ಇನ್ನೊಬ್ಬರು 65,000, ಅದರ ಮೇಲೆ 18% ಜಿಎಸ್‌ಟಿ. ಕಡಿಮೆ ಹೇಳಿದವರು ಡೊಮೈನ್, ಅಂದ್ರೆ ವೆಬ್‌ಸೈಟಿನ ವಿಳಾಸ, ತಮ್ಮ ಹೆಸರಲ್ಲೇ ಇರಲಿ ಅಂತಾರೆ. ನನಗಿದು ಸುತರಾಂ ಇಷ್ಟವಿಲ್ಲ. ನಾಳೆ ಅವರು ಫೋನೇ ಎತ್ತದಿದ್ರೆ, ಗ್ರಾಹಕರಿಗೆ ಗೊತ್ತಿರೋ ವಿಳಾಸವೇ ನಮ್ಮ ಕೈತಪ್ಪುತ್ತೆ. ಎಸ್‌ಎಸ್‌ಎಲ್‌ಗೆ (ಗ್ರಾಹಕರು ಸೈಟಲ್ಲಿ ತುಂಬೋ ವಿವರ ಬೇರೆಯವರು ಕದ್ದು ಓದದ ಹಾಗೆ ಕಾಪಾಡೋ ಸರ್ಟಿಫಿಕೇಟಿಗೆ) ವರ್ಷಕ್ಕೆ 4,000 ಬೇರೆ ಕೇಳ್ತಿದ್ದಾರೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯಿಂದ ಅದು ಪುಕ್ಕಟೆ ಸಿಗುತ್ತಲ್ವಾ?

ಹಾಸನ, ಚಿಕ್ಕಮಗಳೂರು ಕಡೆ ಅಂಗಡಿಗೋ ಹೋಂಸ್ಟೇಗೋ ಮಾಡಿಸಿದವರು ದಯವಿಟ್ಟು ಹೇಳಿ: ಒಟ್ಟು ಎಷ್ಟಾಯ್ತು? ಎರಡನೇ ವರ್ಷ ಹೋಸ್ಟಿಂಗು (ಸೈಟ್ ಇಡೋ ಸರ್ವರಿನ ಬಾಡಿಗೆ), ರಿನ್ಯೂವಲ್ಲು ಅಂತ ಎಷ್ಟು ಕಟ್ಟಿದ್ರಿ? ಆನ್‌ಲೈನ್ ಪಾವತಿಗೆ ಪ್ರತಿ ಆರ್ಡರಿಗೂ ಎಷ್ಟು ಮುರ್ಕೊಳ್ತಾರೆ? ಹತ್ತು ಹನ್ನೆರಡು ಐಟಂ ಅಷ್ಟೇ ನಮ್ಮದು. ಮುಂದಿನ ವಾರ ಅಡ್ವಾನ್ಸ್ ಕೊಡಬೇಕು, ಅಷ್ಟರೊಳಗೆ ಯಾರಾದ್ರೂ ತಿಳಿಸಿದ್ರೆ ದೊಡ್ಡ ಉಪಕಾರ.