ಚರ್ಚಿನ ರೊಟ್ಟಿಗೆ ಕೈ ಚಾಚಿಬಿಟ್ಟೆ, ತಪ್ಪಾಯ್ತಾ?

ಹಾಸನದ ಹುಡುಗ:
ಹೋದ ಭಾನುವಾರದ ಕಥೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಆಫೀಸಿನ ಗೆಳೆಯನ ಮಗುವಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಇತ್ತು. ಎಪಿಸ್ಕೋಪಲ್ ಚರ್ಚ್. ನಾನು ಹಿಂದೂ, ಚರ್ಚಿನ ಪೂಜೆಗೆ ಹೋದದ್ದು ಇದೇ ಮೊದಲು. ಪ್ರಾರ್ಥನೆಗೆ ಒಂದು ಕೆಂಪು ಪುಸ್ತಕ, ಹಾಡಿಗೆ ಒಂದು ನೀಲಿ ಪುಸ್ತಕ. ಏಳು, ಕೂರು, ಮಂಡಿಯೂರು. ಪಕ್ಕದ ಅಜ್ಜಿಯನ್ನು ನೋಡಿ ನೋಡಿ ಹೇಗೋ ಸುಧಾರಿಸಿದೆ.

ಕೊನೆಗೆ ಎಲ್ಲರೂ ಸಾಲಾಗಿ ಮುಂದೆ ಹೋದರು. ನಾನೂ ಹೋದೆ. ತೀರ್ಥಕ್ಕೆ ಹಿಡಿಯುವ ಹಾಗೆ ಎಡಗೈ ಮೇಲೆ ಬಲಗೈ ಇಟ್ಟು ಚಾಚಿದೆ. ಪಾದ್ರಿ ಒಬ್ಬ ಹೆಂಗಸು. ತೆಳ್ಳಗಿನ ಬಿಳಿ ಬಿಲ್ಲೆ ಅಂಗೈಗೆ ಇಟ್ಟರು, ತಿಂದೆ. ಬಟ್ಟಲಿನಿಂದ ಒಂದು ಗುಟುಕು ಸಿಹಿ ವೈನ್ ಕುಡಿದೆ. ಆಮೇಲೆ ಕಾಫಿ ಕುಡಿಯುವಾಗ ಒಬ್ಬ ಹಿರಿಯರು ‘ನಿಮಗೆ ದೀಕ್ಷಾಸ್ನಾನ ಆಗಿದೆಯಾ?’ ಅಂತ ಕೇಳಿದರು. ಇಲ್ಲ ಅಂದೆ. ‘ಓ’ ಅಂದು ನಕ್ಕರು, ಅಷ್ಟೇ. ಮನೆಗೆ ಬಂದು ಅವರು ಕೊಟ್ಟ ಹಾಳೆ ನೋಡಿದರೆ, ದೀಕ್ಷಾಸ್ನಾನ ಆದ ಎಲ್ಲರಿಗೂ ಸ್ವಾಗತ ಅಂತ ಅಚ್ಚಾಗಿದೆ. ಅಂದರೆ ನಾನು ತಿನ್ನಬಾರದಿತ್ತು. ಯಾರೂ ತಡೆಯಲಿಲ್ಲವಲ್ಲ?

ದಾಸೋಹಿ:
ಇದರಲ್ಲಿ ತಪ್ಪೇನು ಬಂತು? ದೇವರ ಮುಂದೆ ಕೊಟ್ಟದ್ದು ಪ್ರಸಾದ. ಸಿದ್ಧಗಂಗೆಯಲ್ಲಿ ದಾಸೋಹಕ್ಕೆ ಕೂತವರನ್ನು ‘ನಿಮ್ಮ ಜಾತಿ ಯಾವುದು, ದೀಕ್ಷೆ ಆಗಿದೆಯಾ’ ಅಂತ ಯಾರೂ ಕೇಳುವುದಿಲ್ಲ. ತಿನ್ನುವುದಕ್ಕೂ ಅರ್ಹತೆ ಕೇಳುವ ಧರ್ಮ ಇನ್ನೂ ದೂರ ನಡೆಯಬೇಕಿದೆ.

ಹಡ್ಸನ್ ಸರ್ಕಲ್:
ದಾಸೋಹಿ ಅವರೇ, ಹೋಲಿಕೆ ಚೆನ್ನಾಗಿದೆ, ಆದರೆ ತಪ್ಪು ಜಾಗಕ್ಕೆ ಅಂಟಿಸಿದ್ದೀರಿ. ನಿಮ್ಮ ದಾಸೋಹಕ್ಕೆ ಸಮ ಅಂದರೆ ಪೂಜೆ ಮುಗಿದ ಮೇಲಿನ ಕಾಫಿ. ಅದಕ್ಕೆ ಯಾರು ಬೇಕಾದರೂ ಬರಬಹುದು. ಆ ರೊಟ್ಟಿ, ವೈನ್‌ಗೆ ನಾವು ಕರ್ತನ ಭೋಜನ ಅನ್ನುತ್ತೇವೆ, ಅದು ನಿಮ್ಮ ಇಷ್ಟಲಿಂಗ ದೀಕ್ಷೆಯ ಹತ್ತಿರ ಬರುತ್ತದೆ. ಊಟಕ್ಕೆ ಬಂದವರೆಲ್ಲರ ಕೈಗೂ ಲಿಂಗ ಕೊಡುತ್ತೀರಾ?

ನಾನು ಬೆಂಗಳೂರಿನ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು. ಈಗ ಪೆನ್ಸಿಲ್ವೇನಿಯಾದ ಒಂದು ಎಪಿಸ್ಕೋಪಲ್ ಚರ್ಚಿನಲ್ಲಿ ಪೂಜೆಯ ವೇದಿಕೆ (ಆಲ್ಟರ್) ಸಿದ್ಧ ಮಾಡುವ ಕೆಲಸ ನನ್ನದು. ಎಪಿಸ್ಕೋಪಲ್ ಅಂದರೆ ಬಿಷಪ್ಪರಿರುವ ಸಭೆ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಮೆರಿಕದ ಕವಲು. ಸ್ವಾತಂತ್ರ್ಯ ಯುದ್ಧ ಆದಮೇಲೆ ಇವರಿಗೆ ಬಿಷಪ್ ಬೇಕಾಯಿತು. ಇಂಗ್ಲೆಂಡಿನಲ್ಲಿ ಪಟ್ಟ ಕಟ್ಟಿಸಿಕೊಳ್ಳಬೇಕಾದರೆ ರಾಜನಿಗೆ ನಿಷ್ಠೆಯ ಆಣೆ ಇಡಬೇಕು. ಅದಕ್ಕೇ ಸ್ಯಾಮ್ಯುಯೆಲ್ ಸೀಬರಿ 1784ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿಗೆ ಹೋಗಿ ಪಟ್ಟ ಪಡೆದು ಬಂದರು.

ಈಗ ನಿಮ್ಮ ಪ್ರಶ್ನೆ. ನಿಯಮ ಸ್ಪಷ್ಟವಾಗಿದೆ. ಸಭೆಯ ಕಾನೂನಿನ ಮೊದಲ ಭಾಗ, 17ನೇ ವಿಧಿ, 7ನೇ ಉಪವಿಧಿ: ದೀಕ್ಷಾಸ್ನಾನ ಆಗದವರು ಈ ಭೋಜನಕ್ಕೆ ಅರ್ಹರಲ್ಲ. ಆದರೆ ಚಾಚಿದ ಕೈ ಮುಂದೆ ನಿಂತು ಸರ್ಟಿಫಿಕೇಟ್ ಕೇಳುವ ಪಾದ್ರಿಯನ್ನು ನಾನಂತೂ ನೋಡಿಲ್ಲ. ನೀವು ತಿಳಿಯದೆ ತಗೊಂಡಿರಿ, ಅವರು ಮರ್ಯಾದೆಯಿಂದ ಕೊಟ್ಟರು.

ಸಂಶಯಿ:
ನಿಯಮ ಇದೆ, ಪಾಲಿಸುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಬೂಟಾಟಿಕೆ ಅನ್ನುತ್ತಾರೆ. ಒಂದೋ ಬಾಗಿಲು ಹಾಕಿ, ಇಲ್ಲ ತೆಗೆಯಿರಿ.

ಕರಾವಳಿ ಕೊಂಕಣಿ:
ನಾವು ಬಾಗಿಲು ಹಾಕಿಯೇ ಇದ್ದೇವೆ ನೋಡಿ 😀 ನಾನು ಕಥೋಲಿಕ. ಹೆಂಡತಿ ಎಪಿಸ್ಕೋಪಲ್. ಒಂದು ವಾರ ಅವಳ ಚರ್ಚು, ಇನ್ನೊಂದು ವಾರ ನನ್ನದು. ಅವರ ಪೂಜೆ ಕಣ್ಣು ಮುಚ್ಚಿ ಕೇಳಿದರೆ ನಮ್ಮ ಬಲಿಪೂಜೆಯೇ (ಮಾಸ್). ವಾಚನ, ಕೀರ್ತನೆ, ಶುಭಸಂದೇಶ, ಪ್ರಬೋಧನೆ, ವಿಶ್ವಾಸ ಪ್ರಮಾಣ, ಆಮೇಲೆ ರೊಟ್ಟಿ, ದ್ರಾಕ್ಷಾರಸ. ಆದರೂ ನಾನು ಅಲ್ಲಿ ಪರಮಪ್ರಸಾದ ತಗೊಳ್ಳುವುದಿಲ್ಲ. ಆಂಗ್ಲಿಕನ್ ಪಾದ್ರಿಗಳಿಗೆ ಕೊಡುವ ಗುರುದೀಕ್ಷೆ ಊರ್ಜಿತವಲ್ಲ ಅಂತ 1896ರಲ್ಲಿ 13ನೇ ಲಿಯೋ ಪೋಪ್ ಹೇಳಿಬಿಟ್ಟಿದ್ದಾರೆ. ಸಾಲಿನಲ್ಲಿ ಹೋಗಿ ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಟಿಕೊಳ್ಳುತ್ತೇನೆ. ಪಾದ್ರಿ ತಲೆ ಮುಟ್ಟಿ ಆಶೀರ್ವಾದ ಮಾಡುತ್ತಾರೆ. ಹುಡುಗಾ, ನಿನಗೂ ಆ ದಾರಿ ಇತ್ತು. ಗೆಳೆಯ ಮೊದಲೇ ಹೇಳಬೇಕಿತ್ತು.

ದಾಸೋಹಿ:
@ಹಡ್ಸನ್ ಸರ್ಕಲ್, ದೀಕ್ಷೆಯ ಮಾತು ಒಪ್ಪಿದೆ. ಆದರೆ ಏಸು ಪಾಪಿಗಳು, ಸುಂಕದವರ ಜೊತೆ ಕೂತು ಉಂಡವನು ಅಂತ ನಿಮ್ಮವರೇ ಹೇಳುತ್ತಾರಲ್ಲ? ಅವರ ಹತ್ತಿರ ಏನು ಕೇಳಿದ್ದ?

ಹಡ್ಸನ್ ಸರ್ಕಲ್:
ಇದೇ ಪ್ರಶ್ನೆಯನ್ನು ಸಭೆಯ ಒಳಗಿನವರೇ ಎತ್ತಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇಂಟ್ ಗ್ರೆಗರಿ ಆಫ್ ನಿಸ್ಸಾ ಅಂತ ಒಂದು ಎಪಿಸ್ಕೋಪಲ್ ಚರ್ಚ್ ಇದೆ. ಅಲ್ಲಿ ಬಂದವರಿಗೆಲ್ಲ ರೊಟ್ಟಿ. ಸಾರಾ ಮೈಲ್ಸ್ ಅನ್ನುವ ನಾಸ್ತಿಕ ಪತ್ರಕರ್ತೆ ಸುಮ್ನೆ ಒಳಗೆ ಹೊಕ್ಕು, ರೊಟ್ಟಿ ತಿಂದು, ಕೊನೆಗೆ ಅಲ್ಲೇ ದೀಕ್ಷಾಸ್ನಾನ ಪಡೆದರು. ಆಮೇಲೆ ಅದೇ ಮೇಜಿನ ಸುತ್ತ ಬಡವರಿಗೆ ದಿನಸಿ ಹಂಚಲು ಶುರು ಮಾಡಿದರು. ನೋಡಿ, ಅಲ್ಲಿ ನಿಮ್ಮ ದಾಸೋಹ ನಿಜವಾಗಿಯೂ ವೇದಿಕೆಗೇ ಬಂತು!

ಆದರೆ ಎಪಿಸ್ಕೋಪಲ್ ಸಭೆಯ 2012ರ ಮಹಾಸಭೆಯಲ್ಲಿ, ದೀಕ್ಷಾಸ್ನಾನವೇ ಮೊದಲು, ಭೋಜನ ಆಮೇಲೆ ಅನ್ನುವ ಹಳೆಯ ಕ್ರಮವನ್ನೇ ಎತ್ತಿಹಿಡಿದರು. ನನಗೂ ಅದೇ ಸರಿ ಅನಿಸುತ್ತದೆ. ಏಸು ಸುಂಕದವರ ಮನೆಯಲ್ಲಿ ಉಂಡದ್ದು ಬೇರೆ. ಕೊನೆಯ ರಾತ್ರಿ ಶಿಷ್ಯರಿಗೆ ರೊಟ್ಟಿ ಮುರಿದು ಕೊಟ್ಟದ್ದು ಬೇರೆ. ಅದನ್ನು ಕೈಗೆ ತಗೊಂಡರೆ ‘ನಿನ್ನ ಸಾವಿಗೂ ಬದುಕಿಗೂ ನಾನು ಪಾಲುದಾರ’ ಅಂದ ಹಾಗೆ. ಅಷ್ಟು ದೊಡ್ಡ ಮಾತನ್ನು ಅತಿಥಿಯ ಬಾಯಿಗೆ ಗೊತ್ತಿಲ್ಲದೆ ತುರುಕುವುದು ಆತಿಥ್ಯವಾ?

ಸಂಶಯಿ:
ಇದು ಮಾತ್ರ ಒಳ್ಳೆ ವಾದ. ಆದರೆ ಆರು ತಿಂಗಳ ಕೂಸಿಗೆ ಆ ಮಾತು ಅರ್ಥ ಆಗುತ್ತದಾ? ದೀಕ್ಷಾಸ್ನಾನ ಆದ ಕೂಸಿಗೆ ಕೊಡಬಹುದು, ಯೋಚನೆ ಮಾಡಿ ಬಂದ ದೊಡ್ಡವನಿಗೆ ಇಲ್ಲ.

ಹಡ್ಸನ್ ಸರ್ಕಲ್:
ಇಲ್ಲಿ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಬೆಂಗಳೂರಿನಲ್ಲಿ ನನಗೆ ಮೊದಲ ಭೋಜನ ಸಿಕ್ಕಿದ್ದು ಬಿಷಪ್ ಬಂದು ತಲೆ ಮೇಲೆ ಕೈಯಿಟ್ಟು ದೃಢೀಕರಣ ಮಾಡಿದ ಮೇಲೆ. ಇಲ್ಲಿಯೂ ಮೊದಲು ಹಾಗೇ ಇತ್ತು. 1979ರ ಪ್ರಾರ್ಥನಾ ಪುಸ್ತಕದ ಹೊತ್ತಿಗೆ ಮಕ್ಕಳಿಗೂ ಕೊಡುವುದು ಬಂತು. ಊಟದ ಮೇಜಿನಲ್ಲಿ ಮನೆ ಮಗು ಅರ್ಥ ಮಾಡಿಕೊಂಡು ಉಣ್ಣುತ್ತದಾ, ಅನ್ನುತ್ತಾರೆ ಇವರು. ನನಗೆ ಪೂರ್ತಿ ಒಪ್ಪಿಗೆ ಆಗಿಲ್ಲ.

ಇನ್ನೊಂದು ಮಾತು, ನನ್ನ ವಾದಕ್ಕೇ ತಿರುಗೇಟು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸಿಎಸ್ಐ ಹುಟ್ಟಿತು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಎಲ್ಲ ಸೇರಿ. ನಮ್ಮಜ್ಜ ಮೆಥಡಿಸ್ಟ್. ಅವರ ಸಭಾಪಾಲಕರಿಗೆ ಬಿಷಪ್ ಕೈಯಿಟ್ಟು ದೀಕ್ಷೆ ಕೊಟ್ಟಿರಲಿಲ್ಲ. ಅಂಥವರೂ ಇದ್ದಾರೆ ಅನ್ನುವ ಕಾರಣಕ್ಕೆ ಆಂಗ್ಲಿಕನ್ ಲೋಕ ಬಹಳ ವರ್ಷ ನಮ್ಮನ್ನು ಪೂರ್ತಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಬಾಗಿಲ ಹೊರಗೆ ನಿಂತವರ ಮೊಮ್ಮಗಳು ನಾನು, ಈಗ ಒಳಗೆ ನಿಂತು ನಿಯಮ ಓದುತ್ತಿದ್ದೇನೆ. ಬರೆಯುವಾಗ ನನಗೇ ಕಸಿವಿಸಿ.

ಕರಾವಳಿ ಕೊಂಕಣಿ:
ಅದಿರಲಿ, ರೊಟ್ಟಿಗೆ ಮುಂಚೆ ಎಲ್ಲರೂ ‘ಸಮಾಧಾನ’ ಅಂತ ಕೈ ಕುಲುಕುತ್ತಾರಲ್ಲ, ಆ ಗಲಾಟೆ ನನಗೆ ಬಹಳ ಇಷ್ಟ.

ಹಡ್ಸನ್ ಸರ್ಕಲ್:
ಅದರಲ್ಲಿ ನಮ್ಮ ಪಾಲೂ ಇದೆ! ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ರೂಢಿ ಇತ್ತು. ಸಿಎಸ್ಐ 1950ರ ಆರಾಧನಾ ಕ್ರಮದಲ್ಲಿ ಅದನ್ನು ತಗೊಂಡಿತು. ಅದನ್ನು ನೋಡಿ ಪಶ್ಚಿಮದ ಸಭೆಗಳೂ ಕಲಿತವು. ಹಾಸನದ ಹುಡುಗನ ಕೈ ಕುಲುಕಿದ ಅಜ್ಜಿಗೆ ಇದು ಗೊತ್ತಿರಲಿಕ್ಕಿಲ್ಲ.

ಹಾಸನದ ಹುಡುಗ:
ಅಜ್ಜಿ ಕೈ ಬಿಡಲೇ ಇಲ್ಲ, ನಿಜ 🙂 ಒಂದು ಸಣ್ಣ ಅನುಮಾನ. ಎಲ್ಲರೂ ಒಂದೇ ಬಟ್ಟಲು ಕಚ್ಚುತ್ತಾರಲ್ಲ, ಎಂಜಲು ಅನಿಸುವುದಿಲ್ಲವಾ? ಉಳಿದದ್ದನ್ನು ಏನು ಮಾಡುತ್ತೀರಿ?

ಹಡ್ಸನ್ ಸರ್ಕಲ್:
ಒಬ್ಬರು ಕುಡಿದ ಮೇಲೆ ಬಟ್ಟೆಯಿಂದ ಅಂಚು ಒರೆಸಿ, ಬಟ್ಟಲು ಸ್ವಲ್ಪ ತಿರುಗಿಸುತ್ತೇವೆ. ಕೋವಿಡ್ ಬಂದಾಗ ಬಟ್ಟಲು ನಿಂತೇಹೋಗಿತ್ತು, ಬರೀ ರೊಟ್ಟಿ. ಒಂದನ್ನೇ ತಗೊಂಡರೂ ಭೋಜನ ಪೂರ್ತಿಯೇ. ಉಳಿದ ವೈನನ್ನು ಅಲ್ಲೇ ಕುಡಿದು ಮುಗಿಸುತ್ತಾರೆ. ಬಟ್ಟಲು ತೊಳೆದ ಮೊದಲ ನೀರು ಮೋರಿಗೆ ಹೋಗಬಾರದು. ನಮ್ಮ ಚರ್ಚಿನಲ್ಲಿ ಅದಕ್ಕೇ ಬೇರೆ ತೊಟ್ಟಿ ಇದೆ, ಅದರ ಕೊಳವೆ ನೇರ ಮಣ್ಣಿಗೆ.

ಹಾಸನದ ಹುಡುಗ:
ನಮ್ಮಮ್ಮ ಉಳಿದ ತೀರ್ಥವನ್ನು ಗಿಡದ ಬುಡಕ್ಕೇ ಸುರಿಯುವುದು. ಸಿಂಕಿಗೆ ಹಾಕಿದರೆ ಬೈಯುತ್ತಾರೆ.

ದಾಸೋಹಿ:
ನೋಡಿದ್ರಾ, ಕೊನೆಗೆ ಪ್ರಸಾದಕ್ಕೇ ಬಂತು!

ಹಡ್ಸನ್ ಸರ್ಕಲ್:
ಪಾತ್ರೆ ತೊಳೆಯುವಷ್ಟರ ಮಟ್ಟಿಗೆ ಒಪ್ಪಿದೆ, ದಾಸೋಹಿ ಅವರೇ. ಅದಕ್ಕಿಂತ ಜಾಸ್ತಿ ಇಲ್ಲ.

ಹಾಸನದ ಹುಡುಗ:
ಗೆಳೆಯ ಕ್ರಿಸ್ಮಸ್ಸಿಗೂ ಕರೆದಿದ್ದಾನೆ. ಈ ಸಲ ಕೈ ಅಡ್ಡ ಕಟ್ಟುತ್ತೇನೆ. ಯಾವ ಕೈ ಮೇಲಿರಬೇಕು?

ಕರಾವಳಿ ಕೊಂಕಣಿ:
ಯಾವುದಾದರೂ ನಡೆಯುತ್ತದೆ ಮಾರಾಯ. ಕ್ರಿಸ್ಮಸ್ ರಾತ್ರಿ ಚರ್ಚು ತುಂಬಿರುತ್ತದೆ, ಅರ್ಧ ಗಂಟೆ ಮುಂಚೆ ಹೋಗಿ ಸೀಟು ಹಿಡಿ.