ಹಪ್ಪಳದ ಕೆಲಸದ ನಡುವೆ ವಿಡಿಯೊಕ್ಕೆ ಪುರುಸೊತ್ತು ಎಲ್ಲಿ?

ಪ್ರಶ್ನೆ (ಬದಿಯಡ್ಕ, ಕಾಸರಗೋಡು): ಮನೆಯಲ್ಲೇ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಕೆಲಸಕ್ಕೆ ಮೂರೇ ಜನ. ಇನ್‌ಸ್ಟಾಗ್ರಾಮಿಗೆ ದಿನಾ ಒಂದು ಹಾಕಲು ಶುರು ಮಾಡಿದ್ದು ಮೂರು ವಾರಕ್ಕೆ ನಿಂತಿತು. ಗಿರಾಕಿಗಳಲ್ಲಿ ಕನ್ನಡದವರೂ ಮಲಯಾಳದವರೂ ಇದ್ದಾರೆ, ಕೆಲವರು ದುಬೈಯಲ್ಲಿ. ವಾರಕ್ಕೆ ಒಂದು ಗಂಟೆಗಿಂತ ಹೆಚ್ಚು ಕೊಡಲಾಗುವುದಿಲ್ಲ. ನಿಲ್ಲದ ಹಾಗೆ ನಡೆಸುವುದು ಹೇಗೆ?

ಉತ್ತರ: ಅಕ್ಕಾ, ದಿನಾ ಹಾಕುವ ಲೆಕ್ಕ ಬಿಟ್ಟುಬಿಡಿ. ವಾರಕ್ಕೊಂದು ವಿಡಿಯೊ, ಎರಡು ವಾಟ್ಸಾಪ್ ಸ್ಟೇಟಸ್ ಸಾಕು. ಹಪ್ಪಳವನ್ನು ಬಿಸಿಲಿದ್ದಾಗ ಒಣಗಿಸಿ ಮಳೆಗಾಲಕ್ಕೆ ಕಟ್ಟಿಡುತ್ತೀರಲ್ಲ, ವಿಡಿಯೊವನ್ನೂ ಹಾಗೇ ಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ 17 ವಾರ. ಅಷ್ಟಕ್ಕೂ ಬೇಕಾದ ದೃಶ್ಯ ಮೇ ತಿಂಗಳಲ್ಲಿ ಹಪ್ಪಳ ಒತ್ತುವ ಎರಡು ದಿನಗಳಲ್ಲೇ ಸಿಗುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಜನಕ್ಕೆ ಹಪ್ಪಳದ ನೆನಪಾಗುವಾಗ ನಿಮ್ಮಲ್ಲಿ ತೋರಿಸಲು ಹಲಸಿನ ಸೊಳೆಯೂ (ತೊಳೆ) ಇರುವುದಿಲ್ಲ, ಬಿಸಿಲೂ ಇರುವುದಿಲ್ಲ.

ಕಾಯಿ ಕೊಯ್ಯುವುದು, ಸೊಳೆ ಬಿಡಿಸುವುದು, ಬೇಯಿಸುವುದು, ಕುಟ್ಟುವುದು, ಉಂಡೆ ಕಟ್ಟುವುದು, ಮಣೆಯಲ್ಲಿ ಒತ್ತುವುದು, ಚಾಪೆಯಲ್ಲಿ ಹರಡುವುದು, ಮಗುಚುವುದು, ಕಟ್ಟು ಕಟ್ಟುವುದು, ಕರಿಯುವುದು: ಒಂದೊಂದನ್ನೂ ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, 10 ಸೆಕೆಂಡಿನಂತೆ ತೆಗೆಯಿರಿ. ಮೊಬೈಲ್ ನೆಟ್ಟಗೆ ಹಿಡಿದು, 1080ರಲ್ಲಿ. 4ಕೆ ಬೇಡ, ಫೋನ್ ಬೇಗ ತುಂಬುತ್ತದೆ. ಅಂಥ ನಾಲ್ಕೈದು ತುಂಡುಗಳಿಂದ ಐದೈದು ಸೆಕೆಂಡು ಕತ್ತರಿಸಿ ಸೇರಿಸಿದರೆ 20–25 ಸೆಕೆಂಡಿನ ಒಂದು ವಿಡಿಯೊ.

ವಿಡಿಯೊ ಹಾಳಾಗುವುದು ಹೆಚ್ಚಾಗಿ ಮೂರು ಕಡೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಪ್ಪಳ ಬರೇ ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಬೆಳಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ ತೆಗೆಯಿರಿ. ಕರಿಯುವಾಗ ಲೆನ್ಸಿಗೆ ಎಣ್ಣೆ ಹಬೆ ಕೂತು ಎಲ್ಲ ಮಬ್ಬು ಬರುತ್ತದೆ, ಪ್ರತಿ ಸಲ ಹತ್ತಿಬಟ್ಟೆಯಲ್ಲಿ ಒರೆಸಿ. ಮೂರನೆಯದೇ ದೊಡ್ಡದು: ವಿಡಿಯೊದಲ್ಲಿ ‘ಇವತ್ತು’, ‘ಈ ವಾರ’ ಎನ್ನುವುದು, ಕ್ರಯ ಬರೆಯುವುದು. ಕ್ರಯ ಬದಲಾದ ದಿನ ಆ ವಿಡಿಯೊ ಸತ್ತ ಹಾಗೆ. ಕ್ರಯವನ್ನು ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗಿನಲ್ಲಿ ಮಾತ್ರ ಇಡಿ, ಅಲ್ಲಿ ಒಂದೇ ಕಡೆ ತಿದ್ದಿದರೆ ಆಯಿತು.

ಪ್ರಶ್ನೆ (ಬದಿಯಡ್ಕದ ಅದೇ ಅಕ್ಕ): ಎರಡು ಭಾಷೆಗೆ ಎರಡೆರಡು ಸಲ ಮಾತಾಡಬೇಕಾ?

ಉತ್ತರ: ಮಾತೇ ಬೇಡ. ಎಣ್ಣೆಯಲ್ಲಿ ಹಪ್ಪಳ ಅರಳುವ ಸದ್ದು, ಒನಕೆಯ ಸದ್ದು ಹಾಗೇ ಇರಲಿ. ಬಿಸಿನೆಸ್ ಖಾತೆಗೆ ಹಾಡುಗಳ ಆಯ್ಕೆ ಹೇಗೂ ಕಡಿಮೆ. ಅಕ್ಷರ ಹಾಕುವ ಮೊದಲೇ ಒಂದು ಪ್ರತಿ ಉಳಿಸಿಕೊಳ್ಳಿ. ಅದರ ಮೇಲೆ ಒಮ್ಮೆ ಕನ್ನಡ, ಒಮ್ಮೆ ಮಲಯಾಳ. ಅಕ್ಷರ ನಡುಭಾಗದಲ್ಲಿರಲಿ, ರೀಲ್ಸಿನ ಕೆಳಗಡೆ ಮತ್ತು ಬಲಬದಿಯನ್ನು ಅದರ ಗುಂಡಿಗಳೇ ಮುಚ್ಚುತ್ತವೆ. ಆಮೇಲೆ ಮೆಟಾ ಬಿಸಿನೆಸ್ ಸೂಟಿನಲ್ಲಿ (ಇನ್‌ಸ್ಟಾಗ್ರಾಮಿನ ಕಂಪೆನಿಯದೇ ಆ್ಯಪ್) ನಾಲ್ಕು ವಾರದ್ದನ್ನು ಒಟ್ಟಿಗೆ ದಿನ, ಸಮಯ ಕೊಟ್ಟು ಇಟ್ಟುಬಿಡಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಇನ್ನೊಬ್ಬರ ಉತ್ತರ: ಏನು ಬರೆಯುವುದು ಎಂಬ ತಲೆಬಿಸಿಗೆ ಇದೊಂದು ದಾರಿ. ಗಿರಾಕಿಗಳ ಮೆಸೇಜಿನಲ್ಲೇ ವಿಷಯ ಉಂಟು. ಬೆಳ್ಳುಳ್ಳಿ ಹಾಕುತ್ತೀರಾ, ಎಷ್ಟು ತಿಂಗಳು ಇಡಬಹುದು, ಕೊರಿಯರಿನಲ್ಲಿ ಪುಡಿಯಾಗುವುದಿಲ್ಲವಾ? ಉತ್ತರವನ್ನು ಒಮ್ಮೆ ಬರೆದು ವಾಟ್ಸಾಪ್ ಬಿಸಿನೆಸ್‌ನ ‘ಕ್ವಿಕ್ ರಿಪ್ಲೈ’ಯಲ್ಲಿ (ಬರೆದಿಟ್ಟ ಉತ್ತರವನ್ನು ಬೇಕಾದಾಗ ಕಳಿಸುವ ಸೌಲಭ್ಯ) ಇಡಿ, ಅದನ್ನೇ ವಿಡಿಯೊದ ಮೇಲಿನ ಸಾಲು ಮಾಡಿ.

ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಉಂಟು. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ಎಷ್ಟು ಕಳಿಸಿದರೂ ಉತ್ತರವಿಲ್ಲ ಎನ್ನುವವರಿಗೆ ಕಾರಣ ಹೆಚ್ಚಾಗಿ ಇದೇ. ಪ್ರತಿ ಕಟ್ಟಿನೊಳಗೆ ‘ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಇಡಿ.