ಆಲ್ಬಮ್‌ನಲ್ಲಿ ಕಾಣುವ ಫೋಟೊಗಳು ಎಡಿಟಿಂಗ್ ತಾಣದಲ್ಲಿ ತೆರೆಯುತ್ತಿಲ್ಲ

ಎಲೆಪಾಠ:
ನಾನು ವಿಜ್ಞಾನ ಶಿಕ್ಷಕಿ. 28 ವಿದ್ಯಾರ್ಥಿಗಳು ತೆಗೆದ ಎಲೆಗಳ ಫೋಟೊಗಳನ್ನು ಒಂದೇ ಆನ್‌ಲೈನ್ ಆಲ್ಬಮ್‌ಗೆ ಸೇರಿಸಿ, ಬ್ರೌಸರಿನಲ್ಲೇ ನಡೆಯುವ ಎಡಿಟಿಂಗ್ ತಾಣದಲ್ಲಿ ಅವುಗಳನ್ನು ಕತ್ತರಿಸಿ, ಎಲೆಯ ಭಾಗಗಳಿಗೆ ಹೆಸರು ಬರೆಯಿಸಬೇಕೆಂದಿದ್ದೆ. 7 ಮಂದಿಯ ಫೋಟೊಗಳು ಆಲ್ಬಮ್‌ನಲ್ಲಿ ಚೆನ್ನಾಗಿ ಕಾಣುತ್ತವೆ, ಆದರೆ ಎಡಿಟಿಂಗ್ ತಾಣದಲ್ಲಿ ತೆರೆಯುವುದೇ ಇಲ್ಲ. ಎರಡು ಪೀರಿಯಡ್ ಇದರಲ್ಲೇ ಕಳೆಯಿತು. ಆ ಮಕ್ಕಳು ಸುಮ್ಮನೆ ಕುಳಿತಿದ್ದನ್ನು ನೋಡಿ ಬಹಳ ಬೇಸರವಾಗಿದೆ. ತೋಚಿದ್ದನ್ನೆಲ್ಲ ಮಾಡಿ ನೋಡಿದ್ದೇನೆ.

ತಂತಿಜಾಲ:
ಇದು ವೈಫೈ ಸಮಸ್ಯೆ. ಒಂದು ಫೋಟೊಗೆ 4 ಎಂಬಿ ಎಂದರೂ 28 ಮಂದಿಗೆ 112 ಎಂಬಿ ಆಗುತ್ತದೆ. ಮಕ್ಕಳನ್ನು ತಂಡಗಳಾಗಿ ವಿಂಗಡಿಸಿ, ಒಂದರ ನಂತರ ಒಂದು ತಂಡದಿಂದ ಅಪ್‌ಲೋಡ್ ಮಾಡಿಸಿ.

ಎಲೆಪಾಠ:
ತರಗತಿ ಮುಗಿದ ಮೇಲೆ ನಾನೊಬ್ಬಳೇ ಪ್ರಯತ್ನಿಸಿದಾಗಲೂ ಅವೇ 7 ಫೋಟೊಗಳು ತೆರೆಯಲಿಲ್ಲ.

ತಂತಿಜಾಲ:
ಹಾಗಿದ್ದರೂ ರೂಟರನ್ನು ಒಮ್ಮೆ ಆರಿಸಿ ಹಾಕಿ ನೋಡಿ. ಅಪ್‌ಲೋಡ್ ಅರ್ಧಕ್ಕೆ ನಿಂತರೆ ಕಡತ ಕೆಡುತ್ತದೆ.

ಕುಂಚ12:
ಕಡತ ಕೆಟ್ಟಿದ್ದರೆ ಆಲ್ಬಮ್‌ನಲ್ಲಿ ಸರಿಯಾಗಿ ಕಾಣುತ್ತಿತ್ತೇ? ನಮ್ಮ ಲ್ಯಾಬಿನ 12 ಕಂಪ್ಯೂಟರುಗಳಲ್ಲೂ ಜಿಂಪ್ ಎಂಬ ಫೋಟೊ ಎಡಿಟಿಂಗ್ ತಂತ್ರಾಂಶ ಹಾಕಿದ್ದೇನೆ. ಇಂಟರ್ನೆಟ್ ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ.

ನೆರಳು:
ನನಗೆ ಬೇರೆಯೇ ಚಿಂತೆ. ಆ ಆಲ್ಬಮ್‌ನ ಲಿಂಕ್ ಸಿಕ್ಕವರೆಲ್ಲರೂ ಅದನ್ನು ನೋಡಬಹುದೇ? ಫೋನಿನಲ್ಲಿ ಸ್ಥಳದ ಸೌಲಭ್ಯ ತೆರೆದಿದ್ದರೆ ಫೋಟೊ ತೆಗೆದ ಜಾಗವೂ ಎಕ್ಸಿಫ್ ಮಾಹಿತಿಯಲ್ಲಿ, ಅಂದರೆ ಫೋಟೊ ಕಡತದೊಳಗೇ ಸೇರಿರುವ ವಿವರಗಳಲ್ಲಿ, ಉಳಿಯುತ್ತದೆ. ಮಕ್ಕಳು ಮನೆಯಂಗಳದಲ್ಲಿ ತೆಗೆದ ಚಿತ್ರಗಳಾದರೆ ಅದು ಅವರ ಮನೆಯ ಗುರುತೇ ಆಗುತ್ತದೆ.

ತಂತಿಜಾಲ:
ಕೇಳಿದ ಪ್ರಶ್ನೆ ಅದಲ್ಲ.

ನೆರಳು:
ಕೇಳದಿದ್ದರೂ ಹೇಳಲೇಬೇಕಾದ ವಿಷಯವಿದು.

ಕಡತಶೋಧ:
ಆ 7 ಫೋಟೊಗಳನ್ನು ಯಾವ ಫೋನಿನಲ್ಲಿ ತೆಗೆದದ್ದು? ಕಡತದ ಹೆಸರಿನ ಕೊನೆಯಲ್ಲಿ ಏನಿದೆ?

ಎಲೆಪಾಠ:
ಏಳೂ ಐಫೋನಿನವು. ಕೊನೆಯಲ್ಲಿ ಎಚ್‌ಇಐಸಿ ಎಂದಿತ್ತು. ಅದನ್ನು ಅಳಿಸಿ ಜೆಪಿಜಿ ಎಂದು ನಾನೇ ಬದಲಿಸಿದ್ದೆ. ಇದು ಮುಖ್ಯವೆಂದು ತಿಳಿಯದೆ ಮೊದಲು ಬರೆಯಲಿಲ್ಲ.

ಕಡತಶೋಧ:
ಗಂಟು ಇರುವುದು ಅಲ್ಲಿಯೇ. ಹೆಸರು ಬದಲಾದರೂ ಕಡತದ ಒಳಗಿನ ರೂಪ ಬದಲಾಗುವುದಿಲ್ಲ. 2017ರಲ್ಲಿ ಬಂದ ಐಓಎಸ್ 11 ಎಂಬ ಐಫೋನ್ ತಂತ್ರಾಂಶದಿಂದ ಈಚೆಗೆ ಹೊಸ ಐಫೋನುಗಳು ಜಾಗ ಉಳಿಸಲು ಎಚ್‌ಇಐಸಿ ರೂಪದಲ್ಲಿ ಫೋಟೊ ಉಳಿಸುತ್ತವೆ. ಆಲ್ಬಮ್ ತಾಣ ತನ್ನಷ್ಟಕ್ಕೆ ಒಂದು ಜೆಪೆಗ್ (ಜೆಪಿಜಿ) ಪ್ರತಿ ಮಾಡಿ ತೋರಿಸುತ್ತದೆ, ಆದ್ದರಿಂದ ಅಲ್ಲಿ ದೋಷ ಕಾಣುವುದಿಲ್ಲ; ಎಡಿಟಿಂಗ್ ತಾಣಕ್ಕೆ ಹೋಗುವುದು ಮೂಲ ಕಡತ, ಆ ರೂಪವನ್ನು ತೆರೆಯಲು ಅದಕ್ಕೆ ಬರುವುದಿಲ್ಲ. ಮುಂದಿನ ಫೋಟೊಗಳಿಗಾಗಿ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್ ತೆರೆದು ಮೋಸ್ಟ್ ಕಂಪ್ಯಾಟಿಬಲ್ ಆರಿಸಿಸಿ. ಈಗಾಗಲೇ ತೆಗೆದವುಗಳ ಹೆಸರನ್ನು ಮೊದಲಿನಂತೆ ಮಾಡಿ, ಕುಂಚ12 ಅವರು ಹೇಳಿದ ಜಿಂಪ್‌ನಲ್ಲಿ ತೆರೆದು ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ.

ಎಲೆಪಾಠ:
ಏಳೂ ತೆರೆದವು, ನಿಮಗೆ ತುಂಬಾ ಧನ್ಯವಾದಗಳು. ನೆರಳು ಅವರ ಮಾತಿನಂತೆ ಲಿಂಕನ್ನು ತರಗತಿಯವರಿಗಷ್ಟೇ ಸೀಮಿತಗೊಳಿಸಿ, ಉಳಿದ ಮಕ್ಕಳ ಫೋಟೊಗಳ ಎಕ್ಸಿಫ್ ಮಾಹಿತಿಯನ್ನೂ ಅಳಿಸಿದೆ. ಈಗ ಅವುಗಳಲ್ಲಿ 3 ಫೋಟೊಗಳು ಅಡ್ಡಡ್ಡ ಮಲಗಿವೆ.

ಕಡತಶೋಧ:
ಫೋನನ್ನು ಯಾವ ದಿಕ್ಕಿಗೆ ಹಿಡಿದಿದ್ದರೆಂಬ ಸೂಚನೆಯೂ ಎಕ್ಸಿಫ್‌ನಲ್ಲೇ ಇತ್ತು, ಸ್ಥಳದ ಜೊತೆಗೆ ಅದೂ ಅಳಿದಿದೆ. ಆ ಮೂರನ್ನು ಕೈಯಿಂದಲೇ ತಿರುಗಿಸಿ ಉಳಿಸಿ. ಇನ್ನು ಮುಂದೆ ಎಲ್ಲವನ್ನೂ ಅಳಿಸದೆ ಸ್ಥಳದ ಮಾಹಿತಿಯನ್ನಷ್ಟೇ ತೆಗೆಯಿರಿ.